ಹೆಪ್ಪಿನ ಕಡ್ಡಿ

ಮಕ್ಕಳಿಗೆ ಇಂಟರ್‌ನೆಟ್ ಮುಚ್ಚಿದ ಮೇಲೆ ನಮ್ಮಂಥವರ ಕೆಲಸ ಹೆಚ್ಚಾಯಿತು. ಹದಿನಾರು ತುಂಬದ ಯಾರೂ ಜಾಲಕ್ಕೆ ಕೈಹಚ್ಚಬಾರದು ಎಂಬ ಕಾನೂನು ಬಂದ ದಿನ ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು, ಕೆಲವರು ಪೇಡೆ ಹಂಚಿದರು. ಶಾಲೆಯ ಪಾಠವೆಲ್ಲ ಆ ಜಾಲದ ಒಳಗೇ ಇತ್ತು ಎಂಬುದು ಆಮೇಲೆ ಯಾರಿಗೋ ನೆನಪಾಯಿತು. ಬಾವಿ ಮುಚ್ಚಿದ ಮೇಲೆ ನೀರಿನ ಚಿಂತೆ ಮಾಡುವುದು ನಮ್ಮ ಸರ್ಕಾರಗಳ ಹಳೇ ಚಾಳಿ.

ಆಗ ಹುಟ್ಟಿದ್ದು ಕಡ್ಡಿ. ಕಾಗದಪತ್ರದಲ್ಲಿ ಅದಕ್ಕೆ ಒಂದು ಮೊಳ ಉದ್ದದ ಹೆಸರಿದೆ. ಮಕ್ಕಳು ಕಡ್ಡಿ ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ನೋಡಲು ಹಳೆಯ ಕಾಲದ ಪೆನ್ ಡ್ರೈವ್. ಶಾಲೆಯ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಕಿತ್ತು ಹಾಕಿರುವುದರಿಂದ ಅವು ಈಗ ಬರೀ ಡಬ್ಬಗಳು. ಮಗು ತನ್ನ ಕಡ್ಡಿ ಸಿಕ್ಕಿಸಿ ಗುಂಡಿ ಒತ್ತಿತೆಂದರೆ ಆ ಡಬ್ಬ ಅದರದೇ ಕಂಪ್ಯೂಟರ್ ಆಗುತ್ತದೆ. ಆಪರೇಟಿಂಗ್ ಸಿಸ್ಟಮ್, ಪುಸ್ತಕ, ಮಗ್ಗಿ, ಪದಕೋಶ ಎಲ್ಲವೂ ಕಡ್ಡಿಯಲ್ಲೇ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಜೊತೆ ಮಾತಾಡುತ್ತ ಪಾಠ ಹೇಳುವ ಒಂದು ಹೆಣ್ಣು ದನಿ ಇರುತ್ತದೆ. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುವುದರಿಂದ ಆ ದನಿಗೂ ಅಕ್ಕೋರು ಎಂದೇ ಹೆಸರು ಬಿತ್ತು. ಕಡ್ಡಿ ಕಿತ್ತರೆ ಡಬ್ಬಕ್ಕೆ ಏನೂ ನೆನಪಿರುವುದಿಲ್ಲ, ಮುಂದಿನ ಮಗು ಬಂದು ಕೂರಬಹುದು.

ಈ ಕಡ್ಡಿಗಳಿಗೆ ತುಂಬುವ ಮೂಲ ಪ್ರತಿಯನ್ನು ನಮ್ಮ ಜಿಲ್ಲೆಗೆ ಕಟ್ಟಿಕೊಡುವವರು ಇಬ್ಬರು. ಒಬ್ಬ ನಾನು, ಕೊಟ್ರಪ್ಪ. ಗಣಿತದ ಮಾಸ್ತರನಾಗಿದ್ದವನು ಡೆಪ್ಯುಟೇಷನ್ ಮೇಲೆ ಬಂದೆ. ಮರಳಿ ಕಳಿಸುವುದನ್ನು ಇಲಾಖೆ ಮರೆತಿದೆ. ಇನ್ನೊಬ್ಬಳು ಶಿವಲೀಲಾ. ಕೆಲಸ ಬಲ್ಲವಳು ಅವಳು. ಎಲ್ಲವನ್ನೂ ಹಿಂಡಿ ಒತ್ತಿ ಒಂದು ಕಡ್ಡಿಯಲ್ಲಿ ಹಿಡಿಸುವುದು, ಡಬ್ಬ ಎದ್ದಕೂಡಲೇ ಕಡ್ಡಿಯನ್ನೇ ನೋಡುವಂತೆ ಮೊದಲ ನಾಲ್ಕು ಸಾಲು ಬರೆಯುವುದು, ಆಮೇಲೆ ಅದು ಎಲ್ಲ ಜಾತಿಯ ಡಬ್ಬದಲ್ಲೂ ಏಳುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ಗೋಡೆಯುದ್ದಕ್ಕೂ ಹಳೇ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡಿದ್ದೇವೆ. ಒಂದು ಎರಡನೇ ಸಲ ಒತ್ತಿದರೆ ಮಾತ್ರ ಏಳುತ್ತದೆ, ಇನ್ನೊಂದಕ್ಕೆ ಪಕ್ಕೆಗೆ ಎರಡು ತಟ್ಟಬೇಕು. ಏಳದಿದ್ದರೆ ಮತ್ತೆ ಮೊದಲಿನಿಂದ ಕಟ್ಟಬೇಕು. ಈ ಕೆಲಸದಲ್ಲಿ ಸಂತೋಷವಿದೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ದಿನ ನಮ್ಮ ಕೋಣೆಗೆ ಕಳಿಸಿ.

ಇಷ್ಟು ಮಾಡಿದರೂ ಅಕ್ಕೋರಿಗೆ ನಮ್ಮ ಮಾತು ಬರುವುದಿಲ್ಲ. ಮೇಲಿನಿಂದ ಬರುವ ಹಸಿ ಪ್ರತಿಗೆ ಪುಸ್ತಕದ ಕನ್ನಡ ಮಾತ್ರ ಗೊತ್ತು. ನಮ್ಮ ಮಗು ‘ನಂಗ ತಿಳೀವಲ್ದು’ ಎಂದರೆ ಅದು ‘ದಯವಿಟ್ಟು ಮತ್ತೊಮ್ಮೆ ಹೇಳಿ’ ಎನ್ನುತ್ತದೆ. ಮಗು ಮತ್ತೊಮ್ಮೆ ಹೇಳುತ್ತದೆ, ಅದು ಮತ್ತೊಮ್ಮೆ ಕೇಳುತ್ತದೆ, ಕೊನೆಗೆ ಮಗು ಆಡಲು ಎದ್ದು ಹೋಗುತ್ತದೆ. ಅದಕ್ಕೆ ನಾವೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಸಂಕ್ರಾಂತಿ ಹೊತ್ತಿಗೆ ಹಸಿ ಪ್ರತಿಯ ಒಂದು ಕಡ್ಡಿಯನ್ನು ಯಾವುದಾದರೂ ಊರಿನ ಒಂದು ಮಗುವಿನ ಕೈಗೆ ಕೊಡುತ್ತೇವೆ. ಮಗು ಅದರ ಜೊತೆ ಮಾತಾಡುತ್ತ, ಜಗಳವಾಡುತ್ತ ಬೇಸಿಗೆಯವರೆಗೆ ಓದುತ್ತದೆ. ಅಷ್ಟರಲ್ಲಿ ಅಕ್ಕೋರು ಪಕ್ಕಾ ನಮ್ಮೂರ ಹೆಂಗಸಾಗಿರುತ್ತಾಳೆ. ಆಮೇಲೆ ಕಡ್ಡಿಯನ್ನು ತಂದು ತೊಳೆಯುತ್ತೇವೆ. ಮಗುವಿನ ಹೆಸರು, ದನಿ, ಮನೆಯ ಸುದ್ದಿ ಎಲ್ಲ ಅಳಿಸಿ, ಮಾತಿನ ರೂಢಿಯನ್ನೂ ಪಾಠಗಳನ್ನೂ ಉಳಿಸಿಕೊಂಡು ಜಿಲ್ಲೆಗೆಲ್ಲ ಪ್ರತಿ ತೆಗೆಯುತ್ತೇವೆ. ಹಾಲಿಗೆ ಹೆಪ್ಪು ಹಾಕುವ ಕೆಲಸವೇ ಅದು. ಹಾಗಾಗಿ ಆ ಮೊದಲ ಕಡ್ಡಿಗೆ ಹೆಪ್ಪಿನ ಕಡ್ಡಿ ಎನ್ನುತ್ತೇವೆ.

ಆ ವರ್ಷ ಹೆಪ್ಪಿಗೆಂದು ಕೊಟ್ಟ ಕಡ್ಡಿ ಮರಳಿ ಬರಲಿಲ್ಲ. ಮಗುವಿನ ತಂದೆತಾಯಿ ಗುಳೆ ಹೊರಟಿದ್ದರು, ಮಗುವೂ ಹೊರಟಿತು, ಮಗುವಿನ ಕೊರಳಲ್ಲಿ ನಮ್ಮ ಕಡ್ಡಿಯೂ ಹೊರಟಿತು. ಎಲ್ಲಿ ಯಾವ ಕಬ್ಬಿನ ಗದ್ದೆಯಲ್ಲಿ ಹುಡುಕುವುದು? ಪ್ರತಿ ತೆಗೆಯುವ ದಿನ ಹತ್ತಿರ ಬಂದಿತ್ತು. ಆಗ ಶಿವಲೀಲಾ ತನ್ನ ಮಗಳ ಕಡ್ಡಿ ತಂದಳು. ಪರೀಕ್ಷಿಸಿ ನೋಡಲೆಂದು ಆ ಹುಡುಗಿಗೂ ಒಂದು ಹಸಿ ಪ್ರತಿ ಕೊಟ್ಟಿದ್ದೆವು. ನಮ್ಮ ನಮ್ಮ ಮನೆಯ ಮಕ್ಕಳದ್ದು ಬಳಸಬಾರದೆಂಬ ನಿಯಮವಿದೆ, ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಸುಮ್ಮನಾದೆವು. ಹೆಪ್ಪಿನ ಮಗುವನ್ನು ಎದುರು ಕೂರಿಸಿಕೊಂಡು ಅದು ತೆರೆದಿಟ್ಟ ಪಾಠಗಳನ್ನೆಲ್ಲ ಅದರಿಂದಲೇ ಮುಗಿಸಿಕೊಳ್ಳುವುದು ವಾಡಿಕೆ. ಆ ಸಲ ಅದಕ್ಕೂ ಪುರುಸೊತ್ತು ಇರಲಿಲ್ಲ. ತೊಳೆದೆವು, ಪ್ರತಿ ತೆಗೆದೆವು, ಜೂನ್ ತಿಂಗಳಲ್ಲಿ ಹಂಚಿದೆವು.

ನಮ್ಮ ಪಕ್ಕದ ಮನೆಯ ತಸ್ಲೀಮಾ ಐದನೇ ಇಯತ್ತೆ. ಅವಳ ಮನೆಯಲ್ಲಿ ಜಾಗ ಕಡಿಮೆ, ಹಾಗಾಗಿ ಶಾಲೆಯಿಂದ ಬಂದವಳು ನಮ್ಮ ಪಡಸಾಲೆಯಲ್ಲಿ ನಾನು ಇಟ್ಟ ಹಳೇ ಡಬ್ಬದ ಮುಂದೆ ಕೂರುತ್ತಾಳೆ. ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದೆ. ಡಬ್ಬದಿಂದ ಅಕ್ಕೋರ ದನಿ ಬಂತು:

“ಅಪ್ಪ ಫೋನ್ ಮಾಡಿದ್ನೇನ?”

ತಸ್ಲೀಮಾಳ ಅಪ್ಪ ಆಟೋ ಓಡಿಸುತ್ತಾನೆ. ಅವನು ಅಲ್ಲೇ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಹೆಂಡತಿ ಅನ್ನಪೂರ್ಣ ಕೊಟ್ಟ ಚಹಾ ಕುಡಿಯುತ್ತಿದ್ದ. ನಾನು ಇಲ್ಲೇ ಇರುವಾಗ ಫೋನ್ ಯಾಕೆ ಮಾಡಲಿ ಎಂದು ನಕ್ಕ. ಮಗಳು ಡಬ್ಬಕ್ಕೆ, ಹ್ಞೂಂ, ಮಾಡಿದ್ದ ಎಂದು ತಮಾಷೆಗೆ ಹೇಳಿದಳು.

“ಏನಂದ?” ಎಂದಿತು ದನಿ.

ಇಷ್ಟು ಕೇಳಿ ಅದು ಕಾಯುತ್ತ ಕೂತಿತು. ತಸ್ಲೀಮಾ ಏನೇನೋ ಹೇಳಿದಳು. ಆಮೇಲೆ ಬೇಸರ ಬಂದು ಪರಿಸರದ ಪಾಠ ತೆರೆದಳು. ಎಲ್ಲರೂ ನಕ್ಕೆವು. ಒಳಗೆ ಹೋಗಿ ಕೈಕಾಲು ತೊಳೆಯುವಾಗ ನನಗೆ ನಗು ನಿಂತಿತು. ಆ ಮಾತನ್ನು ನಾವು ಯಾರೂ ಕಡ್ಡಿಗೆ ಹಾಕಿರಲಿಲ್ಲ.

ಮರುದಿನ ಕೋಣೆಗೆ ಹೋಗಿ ಶಿವಲೀಲಾಗೆ ಇದನ್ನೇ ಹೇಳಿದೆ. ಅವಳು ಪ್ರತಿ ತೆಗೆಯುವ ಹಲಗೆಯ ಮುಂದೆ ನಿಂತಿದ್ದಳು. ಸಾಲು ಸಾಲು ಕಡ್ಡಿಗಳು ಚುಚ್ಚಿಕೊಂಡು ಹಸಿರು ದೀಪ ಹೊತ್ತಿಸುತ್ತಿದ್ದವು. ನಾನು ಹೇಳಿ ಮುಗಿಸಿದ ಮೇಲೂ ಅವಳು ತಿರುಗಲಿಲ್ಲ. ಒಂದೊಂದೇ ಕಡ್ಡಿ ಕಿತ್ತು ಬುಟ್ಟಿಗೆ ಹಾಕಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ ಹೇಳಿದಳು.

“ಅದು ನನ್ನ ಮಾತ್ರಿ ಸರ್. ನಾ ದಿನಾ ಮನಿಗೆ ಹೋಗಿ ಪ್ರಣತಿಗೆ ಕೇಳ್ತಿದ್ದದ್ದು. ಈಗ ಕೇಳೂದು ಬಿಟ್ಟೀನಿ.”

ಪ್ರಣತಿ ಅವಳ ಮಗಳು. ಗಂಡ ಗವಿಸಿದ್ದಪ್ಪ ಗಾಳಿಯಂತ್ರದ ಮೆಕ್ಯಾನಿಕ್. ಊರ ಗುಡ್ಡದ ಮೇಲಿನ ಫ್ಯಾನುಗಳನ್ನು ರಿಪೇರಿ ಮಾಡಿಕೊಂಡಿದ್ದವನು, ಗುಜರಾತಿನ ಕಡೆ ಸಮುದ್ರದೊಳಗೆ ನಿಲ್ಲಿಸಿದ ದೊಡ್ಡ ಫ್ಯಾನುಗಳ ಕೆಲಸಕ್ಕೆ ಹೋಗಿದ್ದ. ನನಗೆ ಅಷ್ಟು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನನಗೆ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅರ್ಧ ಮನೆಗಳ ಗಂಡಸರು ಹೊರಗೆ ದುಡಿಯುತ್ತಾರೆ. ನೀರಿಗೆ ನಿಂತ ಹೆಂಗಸರು ಒಬ್ಬರಿಗೊಬ್ಬರು ಮೊದಲು ಕೇಳುವುದೇ ಎರಡು ಮಾತು, ‘ಊಟ ಆತೇನ’ ಮತ್ತು ‘ಫೋನ್ ಬಂತೇನ’. ಹಿಂದಿನ ವರ್ಷದ ಪ್ರತಿಯಲ್ಲಿ ‘ಊಟ ಆತೇನ’ ಎನ್ನುವುದು ತೊಳೆದುಹೋಗಿ, ಅಕ್ಕೋರು ನೆಟ್ಟಗೆ ಪಾಠಕ್ಕೇ ಬಾಯಿ ಹಾಕುತ್ತಾಳೆ, ಮರ್ಯಾದೆ ಇಲ್ಲ ಎಂದು ಮಕ್ಕಳು ದೂರಿದ್ದರು. ಅದಕ್ಕೇ ಈ ಸಲ ಉಪಚಾರದ ಮಾತುಗಳನ್ನೆಲ್ಲ ತೊಳೆಯದೆ ಹಾಗೇ ಉಳಿಸು ಎಂದು ತೊಳೆಯುವ ಪ್ರೋಗ್ರಾಮಿಗೆ ನಾನೇ ಹೇಳಿದ್ದೆ. ಇದೂ ಉಪಚಾರದ ಲೆಕ್ಕದಲ್ಲಿ ನುಸುಳಿದೆ, ತೆಗೆದರಾಯಿತು ಎಂದುಕೊಂಡೆ. ನಮ್ಮೂರಿನವನಲ್ಲದೆ ಬೇರೆ ಯಾರೂ ಹಾಗೆ ತಿಳಿಯುತ್ತಿರಲಿಲ್ಲ.

ದೂರುಗಳು ಶುರುವಾದವು. ಅಕ್ಕೋರು ಇದನ್ನು ಕೇಳುವುದು ಸಂಜೆ ಐದಕ್ಕೆ, ಶಿವಲೀಲಾ ಮನೆ ಮುಟ್ಟುವ ಹೊತ್ತಿಗಿಂತ ತುಸು ಮುಂಚೆ. ಆದರೆ ಎಷ್ಟೋ ಶಾಲೆಗಳ ಡಬ್ಬದಲ್ಲಿ ಗಡಿಯಾರದ ಬ್ಯಾಟರಿ ಸತ್ತಿದೆ. ಅಲ್ಲಿ ಅದು ಬೆಳಿಗ್ಗೆ ನಾಡಗೀತೆಯ ನಡುವೆ ಕೇಳಿತು, ಮಧ್ಯಾಹ್ನ ಬಿಸಿಯೂಟದ ಗಂಟೆಗೆ ಕೇಳಿತು. ಅಪ್ಪ ತೀರಿಕೊಂಡ ಮಗುವನ್ನೂ ಬಿಡಲಿಲ್ಲ. ಒಬ್ಬ ಹೆಡ್‌ಮಾಸ್ತರರು ಫೋನಿನಲ್ಲಿ ನನ್ನನ್ನು ಬಾಯಿಗೆ ಬಂದಂತೆ ಬೈದರು. ಅವರ ಜಾಗದಲ್ಲಿದ್ದರೆ ನಾನೂ ಬೈಯುತ್ತಿದ್ದೆ.

ಹೆಣ್ಣುಮಕ್ಕಳ ವಸತಿ ಶಾಲೆಯ ವಾರ್ಡನ್ ಹಾಲಮ್ಮ ತಾನೇ ಬಸ್ಸು ಹತ್ತಿ ಬಂದಳು. ಅಲ್ಲಿ ಮಕ್ಕಳು ಸಂಜೆ ಒಂದೇ ದೊಡ್ಡ ಕೋಣೆಯಲ್ಲಿ ಸಾಲಾಗಿ ಕೂತು ಓದುತ್ತಾರೆ. ಐದಕ್ಕೆ ಸಾಲಿಗೆ ಸಾಲು ಡಬ್ಬಗಳು ಒಟ್ಟಿಗೆ, ಅಪ್ಪ ಫೋನ್ ಮಾಡಿದ್ನೇನ ಎನ್ನುತ್ತವಂತೆ. ಮೊದಲ ವಾರ ಹುಡುಗಿಯರು ಅತ್ತರು. ಆಮೇಲೆ ಸುಳ್ಳು ಉತ್ತರ ಕೊಡತೊಡಗಿದರು. ಮಾಡಿದ್ದ, ಹಬ್ಬಕ್ಕೆ ಬರ್ತಾನಂತೆ, ಲಂಗ ತರ್ತಾನಂತೆ ಎಂದು ಒಬ್ಬಳಿಗಿಂತ ಒಬ್ಬಳು ಜೋರಾಗಿ. ಪಾಠ ಹಿಂದೆ ಬಿತ್ತು. ಹಾಲಮ್ಮ ಸಿಟ್ಟಿನಿಂದ ಬಂದವಳು ಹೇಳುತ್ತ ಹೇಳುತ್ತ ಮೆತ್ತಗಾದಳು. ನನಗೂ ಐದು ಗಂಟೆ ಹೊಡೆದರೆ ಎದೆ ಡವಡವ ಅನ್ನುತ್ತದೆ ಎಂದು ಹೇಳಿ ನೀರು ಕುಡಿದು ಹೋದಳು.

ನಾವು ಮರೆಸುವ ಕೆಲಸಕ್ಕೆ ಕೂತೆವು. ಹೀಗೆ ಕಲಿತದ್ದನ್ನು ಪದ ಹುಡುಕಿ ಅಳಿಸಲು ಬರುವುದಿಲ್ಲ. ಮೊಸರಿನಿಂದ ಹೆಪ್ಪನ್ನು ಹೊರಗೆ ತೆಗೆದವರು ಯಾರೂ ಇಲ್ಲ. ತದ್ವಿರುದ್ಧ ಉದಾಹರಣೆಗಳನ್ನು ಕೊಟ್ಟು ಬಿಡಿಸಬೇಕು. ಬಿಡಿಸಬೇಕಾದರೆ ಆ ಮಾತು ಅದರೊಳಗೆ ಏನಾಗಿ ಕೂತಿದೆ ಎಂಬುದು ಗೊತ್ತಿರಬೇಕು. ಉಪಚಾರ ಎಂದುಕೊಂಡು ಬಿಡಿಸಿದೆವು. ‘ಊಟ ಆತೇನ’ ಹೋಯಿತು, ‘ಆರಾಮ ಅದಿಯೇನ’ ಹೋಯಿತು, ಇದು ಮಾತ್ರ ಹೋಗಲಿಲ್ಲ. ದುಃಖ ಎಂದುಕೊಂಡು ಬಿಡಿಸಿದೆವು. ಆಗ ಅಕ್ಕೋರು ಅಳುವ ಮಗುವಿಗೂ ಸಮಾಧಾನ ಹೇಳದ ಕಲ್ಲಾದಳು, ಐದು ಗಂಟೆಗೆ ಮಾತ್ರ ತಪ್ಪದೆ ಕೇಳಿದಳು. ಪ್ರತಿ ಸಲವೂ ಮೂಲ ಪ್ರತಿ ಮತ್ತೆ ಕಟ್ಟಬೇಕು, ಡಬ್ಬಗಳ ಸಾಲಿನಲ್ಲಿ ಎಬ್ಬಿಸಿ ನೋಡಬೇಕು. ಡಬ್ಬದ ಪಕ್ಕೆಗೆ ತಟ್ಟಿ ತಟ್ಟಿ ನನ್ನ ಅಂಗೈ ನೋಯುತ್ತಿತ್ತು. ಶಿವಲೀಲಾಳ ಕಣ್ಣಿನ ಕೆಳಗೆ ಕಪ್ಪು ಬಂದಿತ್ತು.

ಅಷ್ಟರಲ್ಲಿ ಇಲಾಖೆಯ ಸಾಹೇಬರ ಆದೇಶ ಬಂತು. ದಸರಾ ರಜೆ ಮುಗಿಯುವುದರೊಳಗೆ ಆ ಪ್ರಶ್ನೆ ಹೋಗಬೇಕು. ಹೋಗದಿದ್ದರೆ ಜಿಲ್ಲೆಯ ಕಡ್ಡಿಗಳನ್ನೆಲ್ಲ ತರಿಸಿ, ಪೂರಾ ಅಳಿಸಿ, ಹಸಿ ಪ್ರತಿ ತುಂಬಿ ಕೊಡಬೇಕು.

ಪೂರಾ ಅಳಿಸುವುದೆಂದರೆ ಏನೆಂದು ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ. ತಸ್ಲೀಮಾ ಭಾಗಾಕಾರ ಬಂದರೆ ಹೆದರಿ ನೀರು ಕುಡಿಯಲು ಏಳುವವಳು. ಅವಳ ಅಕ್ಕೋರು ಅದನ್ನು ಮಳೆಗಾಲ ಪೂರ್ತಿ ನೋಡಿ ನೋಡಿ, ಭಾಗಾಕಾರವನ್ನು ರೊಟ್ಟಿ ಹಂಚುವ ಲೆಕ್ಕವಾಗಿ ಮಾಡಿ ಹೇಳಲು ಕಲಿತಿದ್ದಳು. ಹೀಗೆ ಒಂದೊಂದು ಕಡ್ಡಿಯೂ ಒಂದೊಂದು ಮಗುವನ್ನು ತಿಳಿದುಕೊಂಡಿತ್ತು. ಅಷ್ಟೂ ಮಕ್ಕಳು ಮತ್ತೆ, ದಯವಿಟ್ಟು ಮತ್ತೊಮ್ಮೆ ಹೇಳಿ ಎನ್ನುವ ಅಪರಿಚಿತಳ ಮುಂದೆ ಕೂರಬೇಕಾಗಿತ್ತು. ನನಗೆ ಆ ಯೋಚನೆಗೇ ಸುಸ್ತಾಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಅನ್ನಪೂರ್ಣಳಿಗೆ ಎಲ್ಲ ಹೇಳಿದೆ. ಅವಳು ಎರಡನೇ ತರಗತಿಯ ಅಕ್ಕೋರಾಗಿ ನಿವೃತ್ತಳಾದವಳು. ನನ್ನ ಯಂತ್ರಗಳ ಬಗ್ಗೆ ಅವಳಿಗೆ ಕಾಸಿನಷ್ಟೂ ಗೌರವವಿಲ್ಲ. ರೊಟ್ಟಿ ಹಾಕುತ್ತ ಒಂದೇ ಮಾತು ಕೇಳಿದಳು.

“ಡಬ್ಬಿಗೆ ಇಷ್ಟ ಕೇಳಾಕತ್ತೀರಿ. ಆ ಹುಡುಗಿನ್ನ ಯಾರರ ಕೇಳೀರೇನು?”

ಕೇಳಿರಲಿಲ್ಲ. ಏನು ಕಲಿತಿದೆ ಎಂಬುದನ್ನು ಉಳಿಸಿ, ಯಾಕೆ ಕಲಿಯಿತು ಎಂಬುದನ್ನು ನಮ್ಮ ಕೈಯಾರೆ ತೊಳೆದಿದ್ದೆವು. ಆ ‘ಯಾಕೆ’ ಇನ್ನೂ ಉಳಿದಿದ್ದರೆ ಅದು ಪ್ರಣತಿಯ ತಲೆಯಲ್ಲಿ ಮಾತ್ರ.

ಬೆಳಿಗ್ಗೆ ಶಿವಲೀಲಾಗೆ ಹೇಳಿದಾಗ ಅವಳು ಒಪ್ಪಲಿಲ್ಲ. ಬೇಡ ಎಂದಳು. ಎಲ್ಲ ಕಡ್ಡಿ ಅಳಿಸೋಣ, ಬೇಕಾದರೆ ಒಬ್ಬಳೇ ಕೂತು ಎಲ್ಲವನ್ನೂ ತುಂಬುತ್ತೇನೆ ಎಂದಳು. ನನಗೆ ಸಿಟ್ಟು ಬಂತು. ಒಂದು ಮಗುವನ್ನು ಒಂದು ಮಾತು ಕೇಳುವುದಕ್ಕಿಂತ ಇಡೀ ಜಿಲ್ಲೆಯ ಮಕ್ಕಳ ಕಡ್ಡಿ ಅಳಿಸುವುದು ಸುಲಭವೇ ಎಂದು ಗಟ್ಟಿಯಾಗಿಯೇ ಕೇಳಿದೆ. ಹೌದು, ಸುಲಭ ಎಂದಳು. ಆಮೇಲೆ ಕುರ್ಚಿಯ ಮೇಲೆ ಕೂತು ಹೇಳತೊಡಗಿದಳು.

ಗವಿಸಿದ್ದಪ್ಪ ಬರುವುದಿಲ್ಲ. ಅವನಿಗೆ ಅಲ್ಲಿ ಬೇರೆ ಸಂಸಾರ ಆಗಿದೆ. ಕಳೆದ ದೀಪಾವಳಿಗೆ ಮೈದುನ ಬಂದು ತಲೆ ತಗ್ಗಿಸಿಕೊಂಡು ಹೇಳಿ ಹೋದ. ಶಿವಲೀಲಾ ಅಳಲಿಲ್ಲ, ಆ ದಿನವೂ ಕೆಲಸಕ್ಕೆ ಬಂದಿದ್ದಳು. ಆದರೆ ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಸಂಕ್ರಾಂತಿಗೆ ಬರುತ್ತಾನೆ ಎಂದಳು. ಯುಗಾದಿಗೆ ಎಂದಳು. ಪಂಚಮಿಗೆ ಎಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕುತ್ತ ಬಂದು ಈಗ ಹಬ್ಬಗಳೇ ಮುಗಿಯುತ್ತ ಬಂದಿದ್ದವು. ಮಗಳು ಕಡ್ಡಿಗೆ ಆ ಪ್ರಶ್ನೆ ಕಲಿಸಿದ್ದು ಯಾಕೆಂದು ಶಿವಲೀಲಾಳ ಮಟ್ಟಿಗೆ ಸ್ಪಷ್ಟವಿತ್ತು: ತಾನು ಕೇಳುವುದು ಬಿಟ್ಟ ಮೇಲೆ ಹಾಗೆ ಕೇಳುವವರು ಮನೆಯಲ್ಲಿ ಯಾರೂ ಇಲ್ಲವೆಂದು ಹುಡುಗಿ ಯಂತ್ರದ ಬಾಯಲ್ಲಿ ಕೇಳಿಸಿಕೊಳ್ಳುತ್ತಿದ್ದಾಳೆ, ಇನ್ನೂ ದಾರಿ ಕಾಯುತ್ತಿದ್ದಾಳೆ. ಯಾಕೆ ಕಲಿಸಿದೆ ಎಂದು ಕೇಳಿದರೆ ಅಪ್ಪನ ಮಾತು ಬರುತ್ತದೆ. ಮಾತು ಬಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

ನನ್ನ ಸಿಟ್ಟು ಇಳಿಯಿತು. ಹೇಳಿದ್ದು ಇಷ್ಟೇ: ನಾನೂ ಜೊತೆಗಿರುತ್ತೇನೆ, ನೀವು ಏನೂ ಹೇಳಬೇಕಾಗಿಲ್ಲ, ಕಡ್ಡಿಯ ಮಾತಷ್ಟೇ ಕೇಳೋಣ. ಅವಳು ಎದ್ದು ಕಡ್ಡಿಗಳ ಬುಟ್ಟಿಯ ಕಡೆ ಹೋದಳು.

ಶನಿವಾರ ಅರ್ಧ ದಿನ ಶಾಲೆ. ಪ್ರಣತಿ ಮಧ್ಯಾಹ್ನ ನಮ್ಮ ಕೋಣೆಗೆ ಬಂದಳು. ಪ್ರತಿ ಶನಿವಾರವೂ ಬರುತ್ತಾಳೆ, ತಿಂಡಿಯ ಡಬ್ಬಿ ಬಿಚ್ಚಿ ಅವಲಕ್ಕಿ ತಿನ್ನುತ್ತಾಳೆ, ಅವ್ವನ ಕೆಲಸ ಮುಗಿಯುವವರೆಗೆ ಕೂರುತ್ತಾಳೆ. ಹತ್ತು ವರ್ಷದ ಹುಡುಗಿ, ಎರಡು ಜಡೆ, ಮಾತು ಕಡಿಮೆ. ನಾನು ಹೆಪ್ಪಿನ ಕಡ್ಡಿಯನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಶಿವಲೀಲಾ ಗೋಡೆಯ ಕಡೆ ಮುಖ ಮಾಡಿ ಯಾವುದೋ ವೈರು ಸುತ್ತುತ್ತಿದ್ದಳು. ನಾನು ಆದಷ್ಟು ಹಗುರವಾಗಿ, ಅಕ್ಕೋರು ಐದು ಗಂಟೆಗೆ ಒಂದು ಮಾತು ಕೇಳುತ್ತಾಳಲ್ಲ, ಅದನ್ನು ನೀನು ಹೇಗೆ ಕಲಿಸಿದೆ, ಬರೀ ರೂಢಿಯಿಂದ ಬಂತೋ ಹೇಗೆ ಎಂದೆ.

ಪ್ರಣತಿ ಅವ್ವನ ಬೆನ್ನನ್ನು ನೋಡಿದಳು. ಬಹಳ ಹೊತ್ತು ಅವಲಕ್ಕಿ ಅಗಿದಳು.

“ನಾಟಕದ ಪಾಠದಾಗ ಇಟ್ಟೀನ್ರಿ ಸರ್,” ಎಂದಳು.

ನಾನು ಕೂತಲ್ಲೇ ತಲೆ ಚಚ್ಚಿಕೊಂಡೆ. ಶಾಲೆಯ ನಾಟಕಕ್ಕೆ ಮಾತು ಬಾಯಿಪಾಠ ಮಾಡಲು ಕಡ್ಡಿಯಲ್ಲಿ ಒಂದು ಪಾಠವಿದೆ. ಮಗು ಒಂದು ಪಾತ್ರ ವಹಿಸಿಕೊಂಡರೆ ಎದುರು ಪಾತ್ರದ ಮಾತನ್ನು ಅಕ್ಕೋರು ಆಡುತ್ತಾಳೆ. ಮಗುವಿಗೆ ತನ್ನ ಮಾತು ಸರಿಯಾಗಿ ಬರುವವರೆಗೆ ದಿನಾ ಅದೇ ಹೊತ್ತಿಗೆ ಕೇಳುತ್ತಾಳೆ. ಪಾಠಗಳನ್ನು ನಾವು ತೊಳೆಯುವುದಿಲ್ಲ. ತೊಳೆದದ್ದು ಪಾತ್ರಗಳ ಹೆಸರನ್ನು ಮಾತ್ರ. ಉಪಚಾರದಲ್ಲೂ ದುಃಖದಲ್ಲೂ ಹುಡುಕಿದ್ದ ನಾವು ಪಾಠದಲ್ಲಿ ಹುಡುಕಿರಲಿಲ್ಲ. ಅದು ಪಾಠವಾಗಿಯೇ ಕೂತಿತ್ತು, ಮುಗಿಯದ ಪಾಠವಾಗಿ.

ಅಕ್ಕೋರದು ಯಾವ ಪಾತ್ರ ಎಂದು ಕೇಳಿದೆ.

“ಅವ್ವಂದು.”

ಶಿವಲೀಲಾ ವೈರು ಸುತ್ತುವುದು ನಿಲ್ಲಿಸಿದಳು. ನಿನ್ನ ಪಾತ್ರ ಯಾವುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಪ್ರಣತಿ ತಾನೇ ಹೇಳಿದಳು, ಡಬ್ಬಿಯ ಮುಚ್ಚಳ ಹಾಕುತ್ತ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಅಕ್ಕೋರು ಅಪ್ಪ ಫೋನ್ ಮಾಡಿದ್ನೇನ ಅನ್ನುತ್ತಾಳೆ, ನಾನು ಹ್ಞೂಂ ಅನ್ನುತ್ತೇನೆ. ಏನಂದ ಅನ್ನುತ್ತಾಳೆ. ಅಲ್ಲಿಂದ ಮುಂದೆ ನನಗೆ ಹೇಳಲು ಬರುವುದಿಲ್ಲ. ಬರಲಿ ಅಂತ ದಿನಾ ಕೇಳಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಡ್ಡಿ ನೀವು ಇಸಕೊಂಡಿರಿ.

ಶಿವಲೀಲಾ ತಿರುಗಿದಳು. ಬಂದು ಮಗಳ ಮುಂದೆ ನೆಲದ ಮೇಲೆ ಕೂತಳು.

“ಅಪ್ಪ ಫೋನ್ ಮಾಡಿದ್ನೇನವಾ?” ಎಂದಳು.

ಅದೇ ಮಾತು. ತಿಂಗಳುಗಟ್ಟಲೆ ಯಂತ್ರದಿಂದ ಕೇಳಿ ಕೇಳಿ ನನಗೆ ಹೇಸಿಗೆ ಬಂದಿದ್ದ ಮಾತು. ಮನುಷ್ಯರ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು.

ಹ್ಞೂಂ ಎಂದಳು ಪ್ರಣತಿ.

“ಏನಂದ?”

ಶಿವಲೀಲಾ ಮತ್ತೆ ಕೇಳಲಿಲ್ಲ, ಮಗಳ ಮೊಣಕಾಲ ಮೇಲೆ ಕೈಯಿಟ್ಟು ಕಾದಳು.

“ನಾ ಇನ್ನ ಬರೂದಿಲ್ಲಂದ,” ಎಂದಳು ಪ್ರಣತಿ. “ನಂಗ ಹೇಳಾಕ ಆಗೂದಿಲ್ಲ, ಅವ್ವಗ ನೀನ ಹೇಳು ಅಂದ. ಅವ್ವ ಅಳಬಾರ್ದು, ಹಂಗ ಹೇಳು ಅಂದ.”

ಸಂಕ್ರಾಂತಿಗೂ ಮುಂಚೆ, ಅವ್ವ ಕೆಲಸದಲ್ಲಿದ್ದಾಗ ಅವನು ಮಾಡಿದ ಫೋನಂತೆ ಅದು. ಆಮೇಲೆ ಅವನು ಮಾಡಿಲ್ಲ. ಆ ಗಂಡಸು ಸಮುದ್ರದ ನಡುವೆ ಮುಗಿಲಿನಷ್ಟು ಎತ್ತರದ ಕಂಬ ಹತ್ತಬಲ್ಲವನು. ಹೆಂಡತಿಗೆ ಒಂದು ಮಾತು ಹೇಳಲಾರದೆ ಅದನ್ನು ಹತ್ತು ವರ್ಷದ ಮಗಳ ತಲೆಯ ಮೇಲೆ ಹೊರಿಸಿದ್ದ. ಅವಳು ಅಂದಿನಿಂದ ಅದನ್ನು ಹೊತ್ತುಕೊಂಡು, ಅವ್ವ ಅಳದ ಹಾಗೆ ಹೇಳುವುದು ಹೇಗೆಂದು ದಿನಾ ಸಂಜೆ ಅಭ್ಯಾಸ ಮಾಡಿದ್ದಳು. ನಾವು ಆ ಅಭ್ಯಾಸವನ್ನು ಜಿಲ್ಲೆಯ ಮಕ್ಕಳಿಗೆಲ್ಲ ಹಂಚಿದ್ದೆವು. ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಶಿವಲೀಲಾ ಅಳುತ್ತಿದ್ದಳು. ನನಗೂ ಗೊತ್ತಿತ್ತವ್ವ ಎಂದಳು. ಕಳೆದ ದೀಪಾವಳಿಯಿಂದ ಗೊತ್ತಿತ್ತು ಎಂದಳು.

ಪ್ರಣತಿ ಅವ್ವನನ್ನು ದಿಟ್ಟಿಸಿ ನೋಡಿದಳು. ಅವಳಿಗೆ ಅಳು ಬರಲಿಲ್ಲ, ರೇಗಿತು.

“ಮತ್ತ ಸಂಕ್ರಾಂತಿಗೆ ಬರ್ತಾನ, ಯುಗಾದಿಗೆ ಬರ್ತಾನ ಅಂತ ಯಾಕ ಅಂತಿದ್ದಿ? ನಿಂಗ ಗೊತ್ತಿಲ್ಲಂತ ತಿಳಕೊಂಡು ನಾ ಎಷ್ಟ ಅಂಜಿದ್ದೆ.”

ಶಿವಲೀಲಾ ಮಗಳ ತೊಡೆಯ ಮೇಲೆ ತಲೆಯಿಟ್ಟಳು. ಹುಡುಗಿ ಒಂದು ಕ್ಷಣ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದು, ಆಮೇಲೆ ಅವ್ವನ ಕೂದಲಿನ ಮೇಲೆ ಇಟ್ಟಳು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

ಕೆಲಸ ಇನ್ನೂ ಬಾಕಿ ಇತ್ತು. ಪಾಠವನ್ನು ಮುಗಿಸುವ ಅಧಿಕಾರ ಅದನ್ನು ತೆರೆದ ಮಗುವಿಗೆ ಮಾತ್ರ. ತಪಾಸಣೆಗೆ ಹೆದರಿ ಮಾಸ್ತರರೇ ಎಲ್ಲ ಪಾಠ ಮುಗಿದಿದೆ ಎಂದು ಒತ್ತಿಬಿಡುತ್ತಾರೆಂದು ನಾನೇ ಹಾಗೆ ಮಾಡಿಸಿದ್ದೆ. ಆ ಮಗುವಿನ ದನಿಯನ್ನು ತೊಳೆದರೂ ಆ ದನಿಗಷ್ಟೇ ತೆರೆಯುವ ಬೀಗ ಪಾಠಕ್ಕೆ ಅಂಟಿಕೊಂಡೇ ಇರುತ್ತದೆ. ಜಿಲ್ಲೆಯ ಮಕ್ಕಳು ಏನೇ ಉತ್ತರ ಕೊಟ್ಟರೂ ಅಕ್ಕೋರು ಒಪ್ಪದೆ ಕಾಯುತ್ತಿದ್ದುದು ಅದಕ್ಕೇ. ಹೆಪ್ಪಿನ ಕಡ್ಡಿಯಲ್ಲಿ ಪ್ರಣತಿ ಆ ಪಾಠ ಮುಗಿಸಿದರೆ ಬೀಗ ತೆರೆಯುತ್ತದೆ. ಆ ಕೀಲಿಯನ್ನು ಸಣ್ಣ ತೇಪೆಯಾಗಿ ಪ್ರತಿಯೊಂದು ಶಾಲೆಗೂ ಕಳಿಸಬಹುದು. ಯಾವ ಮಗುವಿನ ಕಡ್ಡಿಯನ್ನೂ ಅಳಿಸಬೇಕಾಗಿಲ್ಲ.

ಇದನ್ನು ಈಗ ಹೇಳುವುದೋ ಬಿಡುವುದೋ ಎಂದು ನಾನು ಯೋಚಿಸುತ್ತಿರುವಾಗಲೇ ಶಿವಲೀಲಾ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಪ್ಪಿನ ಕಡ್ಡಿಯನ್ನು ತಾನೇ ಡಬ್ಬಕ್ಕೆ ಚುಚ್ಚಿದಳು. ಡಬ್ಬ ಎರಡನೇ ಸಲ ಒತ್ತಿದಾಗ ಎದ್ದಿತು. ಮಗಳಿಗೆ ಏನು ಮಾಡಬೇಕೆಂದು ಹೇಳಿದಳು. ಬೇರೆ ಹುಡುಗಿಯರಿಗೆ ಇದರಿಂದ ತ್ರಾಸಾಗುತ್ತಿದೆ ಎಂದೂ ಹೇಳಿದಳು, ಆದರೆ ಅವಸರವಿಲ್ಲ, ನಿನಗೆ ಬೇಕಾದಾಗ ಎಂದಳು. ಅವಸರವಿತ್ತು. ನಾನು ಬಾಯಿ ಬಿಡಲಿಲ್ಲ.

ಪ್ರಣತಿ ಡಬ್ಬದ ಮುಂದೆ ಕೂತು ನಾಟಕದ ಪಾಠ ತೆರೆದಳು.

“ಅಪ್ಪ ಫೋನ್ ಮಾಡಿದ್ನೇನ?” ಎಂದಳು ಅಕ್ಕೋರು.

“ಅವ್ವಗ ಹೇಳೀನಿ,” ಎಂದಳು ಪ್ರಣತಿ. “ಮುಗೀತು.”

ಪರದೆಯಲ್ಲಿ ಆ ಪಾಠದ ಸಾಲು ಅಳಿಸಿಹೋಯಿತು. ಅಕ್ಕೋರು ಮತ್ತೇನೂ ಕೇಳಲಿಲ್ಲ. ಬಾಕಿ ಉಳಿದ ಪಾಠ ಭಿನ್ನರಾಶಿ, ಈಗ ಶುರು ಮಾಡೂಣೇನ ಎಂದು ವಿಚಾರಿಸಿದಳು.

“ಇವತ್ತ ಬ್ಯಾಡ್ರಿ ಅಕ್ಕೋರ,” ಎಂದಳು ಪ್ರಣತಿ. “ದಣಿವಾಗೇತಿ.”